ಸೋಡಚೀಟಿ ಬರೆಸಿದ ದಿನ

ನನ್ನನ್ನು ತುರ್ವಿಹಾಳಕ್ಕೆ ಕೊಟ್ಟು ಮೂರು ವರ್ಷವಾಗಿತ್ತು. ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ ವಾರವೇ ನಾನು ಬಟ್ಟೆಯ ಗಂಟು ಕಟ್ಟಿಕೊಂಡು, ಆ ಕಡೆಯಿಂದ ಬರುತ್ತಿದ್ದ ಹತ್ತಿಯ ಗಾಡಿ ಹತ್ತಿ ಮಸ್ಕಿಯ ತವರಿಗೆ ಬಂದುಬಿಟ್ಟೆ. ಯಾರೂ ಕರೆಯಲು ಬರಲಿಲ್ಲ, ನಾನೂ ದಾರಿ ನೋಡಲಿಲ್ಲ.

ಮರುವರ್ಷ ಮುದಗಲ್ಲಿನ ಸಾಲೆಯ ಮಾಸ್ತರರೊಬ್ಬರು ನನ್ನನ್ನು ಉಡಿಕೆ ಮಾಡಿಕೊಳ್ಳುವುದಾಗಿ ಹೇಳಿ ಕಳಿಸಿದರು. ಅವರ ಹೆಂಡತಿ ತೀರಿಕೊಂಡಿದ್ದರು. ಗಂಡ ಬಿಟ್ಟವಳಿಗೋ ಗಂಡ ಸತ್ತವಳಿಗೋ ಎರಡನೆಯ ಮದುವೆ ಮಾಡುವ ಈ ಪದ್ಧತಿ ನಮ್ಮವರಲ್ಲಿ ಮೊದಲಿನಿಂದ ಇತ್ತು. ಆದರೆ ಅದಕ್ಕೆ ಮೊದಲಿನ ಗಂಡನ ಸೋಡಚೀಟಿ, ಅಂದರೆ ಬಿಡುಗಡೆಯ ಕಾಗದ ಬೇಕು. ಹಿರಿಯರು ಎರಡು ಸಲ ಪಂಚಾಯಿತಿಗೆ ಕರೆದರೂ ನನ್ನ ಗಂಡ ಬರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದು ಆಗಿನ್ನೂ ಕೆಲವೇ ವರ್ಷ. ಕಚೇರಿಯ ಕಾಗದವೆಂದರೆ ಓದಲು ಬಾರದ ಉರ್ದು ಎಂಬ ಅಂಜಿಕೆ ನಮ್ಮಪ್ಪನಿಗೆ ಹೋಗಿರಲಿಲ್ಲ. ವಕೀಲರ ಮನೆ ಹೊಸ್ತಿಲು ತುಳಿದರೆ ಹತ್ತು ವರ್ಷ ಅಲೆದಾಟವೆಂದು ದಿನ ದೂಡುತ್ತಿದ್ದರು. ಕೊನೆಗೆ ಅವ್ವನೇ ಒತ್ತಾಯ ಮಾಡಿ ನಮ್ಮಿಬ್ಬರನ್ನು ಲಿಂಗಸುಗೂರಿನ ಬಸ್ಸಿಗೆ ಹತ್ತಿಸಿದಳು.

ವಕೀಲರು ಮನೆಯ ಪಡಸಾಲೆಯಲ್ಲೇ ಕೂರುತ್ತಿದ್ದರು. ಗೋಡೆಯ ಮೊಳೆಗೆ ಕರಿಕೋಟು, ಚಾಪೆಯ ಮೇಲೆ ಎಲೆ ಅಡಿಕೆಯ ಡಬ್ಬಿ. ನಮಗಿಂತ ಮೊದಲು ಬಂದಿದ್ದ ಅಣ್ಣತಮ್ಮಂದಿರು ಬಾವಿಯ ನೀರಿನ ಪಾಳಿಯ ಬಗ್ಗೆ ಜಗಳಾಡುತ್ತಿದ್ದರು. ಅವರನ್ನು ಸಮಾಧಾನ ಮಾಡಿ ಕಳಿಸಿ ವಕೀಲರು ನಮ್ಮ ಕಡೆ ತಿರುಗಿದರು. ಅಪ್ಪ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ವಕೀಲರು ಅದನ್ನೆಲ್ಲ ಕೇಳಿ, ನನ್ನನ್ನು ನೋಡಿದರು.

"ಈಗ ನೀ ಹೇಳವ್ವ. ನಿನಗೇನು ಬೇಕಾಗ್ಯಾದ?"

ಅಲ್ಲಿಯತನಕ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಸೆರಗು ಸರಿಮಾಡಿಕೊಂಡು ಮುಂದೆ ಸರಿದು ಕುಳಿತೆ.

"ಆ ಮನಿಗೆ ನಾ ಹೋಗಂಗಿಲ್ರಿ," ಎಂದೆ. "ಆದ್ರ ಅವರ ಹೆಸರು ಹೇಳಿಕೋತ ಕುಂದ್ರಾಕೂ ನನ್ನಿಂದ ಆಗವಲ್ದು."

ಇಷ್ಟಕ್ಕೆ ಕೋರ್ಟು ಬೇಕಾಗಿಲ್ಲ, ನಿಮ್ಮ ಪದ್ಧತಿಯ ಕಾಗದವನ್ನೇ ಗಟ್ಟಿಯಾಗಿ ಬರೆಸೋಣ ಎಂದು ವಕೀಲರು ಹೇಳಿದಾಗ ಅಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡರು. ವಕೀಲರು ತುರ್ವಿಹಾಳಕ್ಕೆ ಗಂಡನ ಹೆಸರಿಗೆ ಒಂದು ಪತ್ರ ಬರೆದರು. ಅದರಲ್ಲಿ ಬೆದರಿಕೆಯ ಮಾತು ಒಂದೂ ಇರಲಿಲ್ಲ. ಇಂಥ ಸೋಮವಾರ ಬಂದು ಹೋಗಬೇಕು ಎಂದಷ್ಟೇ ಇತ್ತು.

ಆ ಸೋಮವಾರ ನಾನೂ ಅಪ್ಪನೂ ಮತ್ತೆ ವಕೀಲರ ಮನೆಗೆ ಹೋಗಿ ಕಾದೆವು, ಬೆಳಗಿನ ಬಸ್ಸಿಗೆ ಗಂಡ ಬರಲಿಲ್ಲ. ಮಧ್ಯಾಹ್ನ ನಾವು ತಂದಿದ್ದ ರೊಟ್ಟಿಯ ಗಂಟನ್ನು ಬಿಚ್ಚಲೂ ಮನಸ್ಸಾಗಲಿಲ್ಲ. ಇಳಿಹೊತ್ತಿಗೆ ತಾಯಿಯನ್ನು ಮುಂದೆ ಮಾಡಿಕೊಂಡು ಬಾಗಿಲಲ್ಲಿ ನಿಂತರು. ಸೊರಗಿದ್ದರು. ಪಂಚಾಯಿತಿಗೆ ಯಾಕೆ ಬರಲಿಲ್ಲ ಎಂದು ವಕೀಲರು ಕೇಳಿದರೆ, ನೆಲ ನೋಡುತ್ತ ಉತ್ತರ ಕೊಟ್ಟರು.

"ಇಬ್ಬರನ್ನ ಮಾಡಿಕೊಂಡೀನಿ, ಸಹಿ ಮಾಡಿದ್ರ ಜೇಲಿಗೆ ಹಾಕ್ತಾರಂತ ಊರಾಗ ಹೇಳ್ಯಾರ್ರಿ."

ವಕೀಲರು ನಗಲಿಲ್ಲ. "ಈ ಕಾಗದಕ್ಕ ಯಾರೂ ನಿನ್ನ ಜೇಲಿಗೆ ಹಾಕಂಗಿಲ್ಲಪಾ. ಕುಂದ್ರು, ನೀರು ಕುಡಿ," ಎಂದರು.

ಒಂದು ವರ್ಷ ನಾನು ಹಗೆಯೆಂದು ಎಣಿಸಿದ್ದು ಬರೀ ಅಂಜಿಕೆಯಾಗಿತ್ತು. ಅವರ ಮೇಲಿನ ಸಿಟ್ಟು ಪೂರ್ತಿ ಹೋಯಿತೆಂದು ಹೇಳಲಾರೆ. ಆದರೆ ನೀರಿನ ತಂಬಿಗೆಯನ್ನು ನಾನೇ ಅವರ ಕಡೆ ಸರಿಸಿದೆ.

ಗುಮಾಸ್ತರು ಕನ್ನಡದಲ್ಲಿ ಬರೆದು ಓದಿ ಹೇಳಿದರು. ಮಠದ ಸಾಲೆಯಲ್ಲಿ ಅಕ್ಷರ ಕಲಿತಿದ್ದ ನಾನು, ಒಮ್ಮೆ ಕೊಡಿರಿ ಎಂದು ಕೇಳಿ ಇಸಿದುಕೊಂಡೆ. 'ಈಕೆಯನ್ನು ನಾನು ಬಿಟ್ಟಿದ್ದೇನೆ' ಎಂಬ ಸಾಲಿಗೆ ಬಂದು ನಿಂತೆ.

"ಇದೊಂದು ಮಾತು ತಪ್ಪಾಗ್ಯಾದ್ರಿ. ಅವರು ನನ್ನ ಬಿಟ್ಟಿಲ್ಲ. ನಾನೇ ಬಂದೀನಿ."

ಅಪ್ಪ ಕಣ್ಣಲ್ಲೇ ನನ್ನನ್ನು ಗದರಿದರು. ಬಂದ ಕೆಲಸ ಕೆಡುತ್ತದೆಂದು ಅವರ ಭಯ. ವಕೀಲರು ಮಾತ್ರ ಹೌದೇನು ಎಂದು ಗಂಡನನ್ನು ಕೇಳಿದರು. ಅವರು ತಾಯಿಯ ಮುಖ ನೋಡಿ, ಆಮೇಲೆ ಹೌದೆಂದು ತಲೆ ಆಡಿಸಿದರು. ಗುಮಾಸ್ತರು ಗೊಣಗುತ್ತ ಹೊಸ ಹಾಳೆ ತೆಗೆದು, 'ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ' ಎಂದು ಮೊದಲಿನಿಂದ ಬರೆದರು. ಗಂಡ ಹೆಬ್ಬೆಟ್ಟು ಒತ್ತಿದರು, ನಾನು ಸಹಿ ಮಾಡಿದೆ. ಎದುರಿನ ಚಹಾದಂಗಡಿಯವರು ಕೈ ಒರೆಸಿಕೊಂಡು ಬಂದು ಸಾಕ್ಷಿ ಹಾಕಿದರು. ನಾನು ತಾಳಿ ಬಿಚ್ಚಿ ಅತ್ತೆಯ ಕೈಗೆ ಕೊಟ್ಟೆ. ಆಕೆ ಒಂದು ಕ್ಷಣ ನನ್ನ ಬೆರಳು ಹಿಡಿದುಕೊಂಡು, "ಚಲೋ ಇರವ್ವ," ಎಂದಳು.

ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಪ್ಪ ಮತ್ತೆ ಒಳಗೆ ಹೋಗಿ, ಹೊಲದ ಪಟ್ಟಾದಲ್ಲಿ ಅಜ್ಜನ ಹೆಸರೇ ಉಳಿದುಕೊಂಡಿರುವ ವಿಷಯ ತೆಗೆದು ಕುಳಿತರು. ವಕೀಲರೆಂದರೆ ಅಂಜುತ್ತಿದ್ದ ಮನುಷ್ಯ ಎದ್ದು ಬರುವ ಲಕ್ಷಣವೇ ಕಾಣಲಿಲ್ಲ. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚಿದೆ. ಬೆಳಗಿನಿಂದ ಇರದಿದ್ದ ಹಸಿವು ಒಮ್ಮೆಲೇ ಬಂದಿತ್ತು. ಶೇಂಗಾ ಚಟ್ನಿಯ ಹಿಂಡಿ ಹಚ್ಚಿಕೊಂಡು, ಅಪ್ಪನ ಪಾಲಿನದನ್ನೂ ಮುಗಿಸಿಬಿಟ್ಟೆ.