ಭೀಮಕ್ಕ ಉಳಿಸಿಟ್ಟ ಎಂಟು ಮಾತ್ರೆ

ಕಳ್ಳಂಬೆಳ್ಳದಿಂದ ಆಚೆ, ಕೆರೆಯಂಗಳ ಮುಗಿಯುವಲ್ಲಿ ಮೂವತ್ತು ಮನೆಗಳ ಒಂದು ಹಟ್ಟಿ ಇದೆ. ಭೀಮಕ್ಕ ಅಲ್ಲಿಯವಳು. ವಯಸ್ಸು ಐವತ್ತೈದರ ಆಸುಪಾಸು. ಗಂಡ ಯತ್ತಪ್ಪನ ಜೊತೆ ಕುರಿಯ ಹಿಂದೆ ನಡೆದೇ ಆಯುಸ್ಸು ಕಳೆದವಳು. ಕುರಿಗೆ ಹೊಟ್ಟೆಯುಬ್ಬರವಾದರೆ ಯಾವ ಔಷಧ, ಕಾಲು ಹುಣ್ಣಾದರೆ ಯಾವ ಸೂಜಿ ಎಂಬುದು ಅವಳಿಗೆ ಬಾಯಿಪಾಠ. ಒಂದು ಕುರಿಗೆ ತಂದ ಔಷಧ ಅರ್ಧ ಉಳಿದರೆ ಚೆಲ್ಲುತ್ತಿರಲಿಲ್ಲ. ಮುಂದಿನ ಕುರಿಗೆ ಆಗುತ್ತದೆಂದು ಎತ್ತಿಡುತ್ತಿದ್ದಳು. ಹಟ್ಟಿಯ ಹೆಂಗಸರು ಕೂಡ ತಲೆನೋವು, ಮೈಕೈನೋವು ಎಂದರೆ ಮೊದಲು ಅವಳ ಬಾಗಿಲಿಗೇ ಬರುತ್ತಿದ್ದರು. ಅವಳ ಕೈಗುಣ ಒಳ್ಳೆಯದು ಎಂಬ ಮಾತಿತ್ತು. ಆ ಮಾತು ಕೇಳುವುದು ಅವಳಿಗೂ ಹಿತವಾಗಿತ್ತು.

ಹೋದ ಕಾರ್ತಿಕದಲ್ಲಿ ಕುರಿರೊಪ್ಪಕ್ಕೆ ಬೇಲಿ ಹಾಕುವಾಗ ಜಾಲಿಮುಳ್ಳು ಅವಳ ಹಿಮ್ಮಡಿಯ ಮೇಲ್ಭಾಗದಲ್ಲಿ ಹೊಕ್ಕಿತು. ಮುಳ್ಳೇನೋ ತೆಗೆದಳು. ಮೂರನೇ ದಿನಕ್ಕೆ ಕಾಲು ಕೆಂಪಗೆ ಊದಿ, ಜ್ವರ ಬಂತು. ಕಳ್ಳಂಬೆಳ್ಳದ ಆಸ್ಪತ್ರೆಯ ಡಾಕ್ಟರ್ ಮಂಜುಶ್ರೀ ಗಾಯ ತೊಳೆಸಿ, ಹದಿನಾಲ್ಕು ಮಾತ್ರೆ ಕೊಟ್ಟರು.

"ಬೆಳಿಗ್ಗೆ ಒಂದು, ರಾತ್ರಿ ಒಂದು, ಏಳು ದಿನ. ಊತ ಇಳೀತು ಅಂತ ನೀವಾಗೇ ನಿಲ್ಲಿಸಬೇಡಿ. ಈ ಹಿಂದೆ ಯಾವುದಾದರೂ ಔಷಧಿ ನಿಮಗೆ ಒಗ್ಗದೆ ಹೋಗಿತ್ತಾ?"

"ನಂಗೆಂತದೂ ಇಲ್ಲ ಕಣವ್ವ. ಕಲ್ಲು ತಿಂದ್ರೂ ಅರಗ್ತೈತೆ," ಎಂದು ನಕ್ಕಳು ಭೀಮಕ್ಕ.

ಮೂರು ದಿನ ಮಾತ್ರೆ ನುಂಗಿದಳು. ಜ್ವರ ಬಿಟ್ಟಿತು, ಕೆಂಪು ಇಳಿಯಿತು. ನಾಲ್ಕನೆಯ ದಿನ ಕುರಿಯ ಹಿಂದೆ ಹೊರಟವಳಿಗೆ ಇನ್ನು ಮಾತ್ರೆ ಯಾಕೆ ಅನ್ನಿಸಿತು. ಉಳಿದ ಎಂಟನ್ನು ಚೀಟಿಯಲ್ಲಿ ಸುತ್ತಿ ಗೂಡಿನಲ್ಲಿಟ್ಟಳು.

ವಾರ ಕಳೆದಿರಬೇಕು. ಸೊಸೆ ಲಾವಣ್ಯಳಿಗೆ ನೆಗಡಿ ಹಿಡಿದು ಗಂಟಲು ಕಟ್ಟಿತು. ಲಾವಣ್ಯ ಪಾವಗಡದ ಕಡೆಯ ಹುಡುಗಿ, ಮನೆಮಾತು ತೆಲುಗು. ಮದುವೆಯಾಗಿ ಮೂರು ವರ್ಷವಾಗಿತ್ತು. ಮಗ ಚಿಕ್ಕರಾಜು ಶಿರಾದ ಕಡಲೆಕಾಯಿ ಮಂಡಿಯಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅವನಿಲ್ಲದ ಹೊತ್ತಿನಲ್ಲಿ ಸೊಸೆ ಎಂಜಲು ನುಂಗಲೂ ಒದ್ದಾಡುವುದನ್ನು ನೋಡಿ ಭೀಮಕ್ಕ ಗೂಡಿನಿಂದ ಒಂದು ಮಾತ್ರೆ ತಂದಳು.

"ತಗೊಳ್ಳೇ, ಇದ್ನ ನುಂಗ್ಬುಡು. ನನ್ನ ಕಾಲೇ ವಾಸಿಯಾಯ್ತು ಇದ್ರಲ್ಲಿ. ನಿನ್ನ ಗಂಟ್ಲು ಯಾವ ಲೆಕ್ಕ?"

ಲಾವಣ್ಯ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ಚಿಕ್ಕೋಳಿದ್ದಾಗ ಒಂದು ಸೂಜಿ ಹಾಕಿಸಿದ್ದಕ್ಕೆ ಮೈಯೆಲ್ಲಾ ದದ್ದು ಎದ್ದು ಮುಖ ಊದ್ಕೊಂಡಿತ್ತಂತೆ ಅತ್ತಮ್ಮ. ನಮ್ಮಮ್ಮ ಯಾವಾಗ್ಲೂ ಹೇಳ್ತಿದ್ಲು."

"ಅದು ಸೂಜಿ ಕಣೇ. ಇದು ಮಾತ್ರೆ. ಇಷ್ಟಕ್ಕೆಲ್ಲಾ ಹೆದರಿದ್ರೆ ಹೆಂಗೆ?"

ಅತ್ತೆಯ ಮಾತು ಮೀರಲಾರದೆ ಲಾವಣ್ಯ ನುಂಗಿದಳು.

ಅರ್ಧ ಗಂಟೆಯೂ ಆಗಲಿಲ್ಲ. ಮೊದಲು ಅಂಗೈ, ಅಂಗಾಲು ತುರಿಸತೊಡಗಿದವು. ಕುತ್ತಿಗೆಯ ಮೇಲೆ ದಪ್ಪದಪ್ಪ ದದ್ದು ಎದ್ದವು. ತುಟಿ ಊದಿತು, ಕಣ್ಣಿನ ರೆಪ್ಪೆ ಮುಚ್ಚಿಕೊಂಡಿತು. ಹಿತ್ತಿಲಿಗೆ ಓಡಿ ವಾಂತಿ ಮಾಡಿದವಳು ಅಲ್ಲಿಯೇ ಗೋಡೆಗೆ ಒರಗಿ ಕುಸಿದಳು. ಎದೆಯೊಳಗಿಂದ ಸಿಳ್ಳೆಯಂತಹ ಸದ್ದು. "ಊಪಿರಿ... ಊಪಿರಿ ರಾಲೇದು ಅತ್ತಮ್ಮ," ಎಂದಳು. ಉಸಿರು ಬರುತ್ತಿಲ್ಲ ಎನ್ನುತ್ತಿದ್ದಾಳೆಂದು ತಿಳಿಯುವಷ್ಟು ತೆಲುಗು ಭೀಮಕ್ಕನಿಗೆ ಗೊತ್ತಿತ್ತು.

ಅವಳ ಕೂಗಿಗೆ ಪಕ್ಕದ ಮನೆಯ ಬಸವೇಶ ಓಡಿಬಂದ. ಅವನದೊಂದು ಗೂಡ್ಸ್ ಆಟೋ ಇತ್ತು. ಹಿಂಬದಿಯಲ್ಲಿ ಲಾವಣ್ಯಳನ್ನು ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಭೀಮಕ್ಕ ಕೂತಳು. ಕಳ್ಳಂಬೆಳ್ಳ ಮುಟ್ಟುವುದರೊಳಗೆ ಸೊಸೆಯ ಕೈ ತಣ್ಣಗಾಗಿತ್ತು, ಕರೆದರೆ ಓಗೊಡುತ್ತಿರಲಿಲ್ಲ.

ಡಾಕ್ಟರ್ ಮಂಜುಶ್ರೀ ಒಂದು ಕ್ಷಣವೂ ತಡೆಯದೆ ತೊಡೆಗೆ ಇಂಜೆಕ್ಷನ್ ಕೊಟ್ಟರು, ಕಾಲು ಎತ್ತರ ಮಾಡಿಸಿದರು, ಆಕ್ಸಿಜನ್ ಹಾಕಿದರು. ಐದು ನಿಮಿಷ ಬಿಟ್ಟು ಇನ್ನೊಂದು ಇಂಜೆಕ್ಷನ್. ಆಮೇಲೆ ನಿಧಾನವಾಗಿ ಎದೆಯ ಸಿಳ್ಳೆ ಕಡಿಮೆಯಾಯಿತು. ಲಾವಣ್ಯ ಕಣ್ಣು ತೆರೆದಳು. ಮತ್ತೆ ಉಲ್ಬಣಿಸಬಹುದೆಂದು ಒಂದು ದಿನದ ಮಟ್ಟಿಗೆ ಶಿರಾಕ್ಕೆ ಕಳಿಸುವ ಮುನ್ನ ಡಾಕ್ಟರ್ ಹೊರಗೆ ಬಂದು ಕೇಳಿದರು:

"ಏನು ಕೊಟ್ಟಿರಿ ಅವಳಿಗೆ?"

ಭೀಮಕ್ಕ ಸೆರಗಿನ ಗಂಟು ಬಿಚ್ಚಿ, ಹೊರಡುವಾಗ ಗೂಡಿನಿಂದ ಎತ್ತಿಕೊಂಡಿದ್ದ ಉಳಿದ ಮಾತ್ರೆಗಳನ್ನು ತೋರಿಸಿದಳು.

"ಇದು ಪೆನ್ಸಿಲಿನ್ ಜಾತಿಯ ಔಷಧಿ. ಅವಳ ಮೈಗೆ ಇದು ವಿಷ ಇದ್ದ ಹಾಗೆ. ಇನ್ನೂ ಹತ್ತು ನಿಮಿಷ ತಡವಾಗಿದ್ದರೆ ಉಳಿಸೋಕೆ ಆಗ್ತಿರಲಿಲ್ಲ. ನೆಗಡಿಯ ಗಂಟಲುನೋವಿಗೆ ಇದರಿಂದ ಉಪಯೋಗವೂ ಇಲ್ಲ. ಮೊದಲೇನಾದರೂ ಇಂಥದ್ದು ಆಗಿತ್ತು ಅಂತ ಹೇಳಿದ್ದಳಾ?"

ಅಷ್ಟರಲ್ಲಿ ಸುದ್ದಿ ತಿಳಿದು ಓಡಿಬಂದಿದ್ದ ಚಿಕ್ಕರಾಜು ಪಕ್ಕದಲ್ಲೇ ನಿಂತಿದ್ದ. ಭೀಮಕ್ಕ ಅವನತ್ತ ಒಮ್ಮೆ ನೋಡಿದಳು. ಇಲ್ಲವೆಂಬಂತೆ ತಲೆಯಾಡಿಸಿದಳು.

ಲಾವಣ್ಯ ಮನೆಗೆ ಬಂದಳು. ಸೂಜಿಯ ವಿಷಯ ತಾನು ಹೇಳಿದ್ದೆನೆಂದು ಗಂಡನಿಗಾಗಲಿ ಮಾವನಿಗಾಗಲಿ ಬಾಯಿ ಬಿಡಲಿಲ್ಲ. ಅದೇ ಭೀಮಕ್ಕನನ್ನು ತಿನ್ನತೊಡಗಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಸೊಸೆ ಬೈಯಲಿಲ್ಲ. ಅತ್ತೆ ತಟ್ಟೆಗೆ ಬಡಿಸಲು ಬಂದರೆ ಮಾತ್ರ, "ನಾನೇ ಹಾಕ್ಕೊತೀನಿ ಬುಡಿ," ಎಂದು ಸೌಟು ಇಸಿದುಕೊಳ್ಳುತ್ತಿದ್ದಳು.

ಈ ನಡುವೆ ಭೀಮಕ್ಕನ ಕಾಲು ಮತ್ತೆ ಕಾವೇರಿತು. ಮುಳ್ಳು ಹೊಕ್ಕಿದ್ದ ಜಾಗದಲ್ಲಿ ಗಟ್ಟಿಯಾಗಿ ಬಾತು, ಒಳಗೆ ಮಿಡಿಯುತ್ತಿತ್ತು. ಯಾರಿಗೂ ಹೇಳಲಿಲ್ಲ. ಆ ಡಾಕ್ಟರ ಮುಖ ಮತ್ತೆ ನೋಡುವ ಧೈರ್ಯವಿರಲಿಲ್ಲ. ಮಿಗಿಲಾಗಿ, ಆ ನೋವು ತನಗೆ ಬರತಕ್ಕದ್ದೇ ಎಂದುಕೊಂಡಿದ್ದಳು. ಸೀರೆ ಇಳಿಬಿಟ್ಟು, ಕುಂಟುವುದು ಕಾಣದಂತೆ ಗೋಡೆ ಹಿಡಿದು ಓಡಾಡಿದಳು. ಐದನೆಯ ದಿನ ಬೆಳಿಗ್ಗೆ ಒಲೆಯ ಮುಂದಿನಿಂದ ಏಳಲಾಗಲಿಲ್ಲ. ಲಾವಣ್ಯ ಹತ್ತಿರ ಬಂದು ಸೀರೆಯ ಅಂಚು ಸರಿಸಿದಳು. ಮೊಣಕಾಲಿನವರೆಗೂ ಕೆಂಪು ಏರಿತ್ತು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅತ್ತಮ್ಮ?" ಲಾವಣ್ಯಳ ದನಿ ಮೊದಲ ಸಲ ಏರಿತು. "ಸತ್ತೋಗ್ಬೇಕು ಅಂತಿದ್ರಾ?"

ಅದೇ ಬಸವೇಶನ ಆಟೋ, ಅದೇ ಆಸ್ಪತ್ರೆ. ಡಾಕ್ಟರ್ ಮಂಜುಶ್ರೀ ಕಾಲು ಒತ್ತಿ ನೋಡಿ ಕೇಳಿದರು, "ಆಗ ಎಷ್ಟು ದಿನ ಮಾತ್ರೆ ತಗೊಂಡಿರಿ?"

"ಮೂರೇ ದಿನ ಕಣವ್ವ," ಎಂದಳು ಭೀಮಕ್ಕ. ಮಗ, ಗಂಡ, ಸೊಸೆ ಎಲ್ಲರೂ ಅಲ್ಲಿಯೇ ಇದ್ದರು. ಒಮ್ಮೆ ಬಾಯಿ ತೆರೆದ ಮೇಲೆ ಉಳಿದದ್ದೂ ತಡೆಯಲಿಲ್ಲ. "ಇನ್ನೊಂದು ಮಾತು. ಅವತ್ತು ನಾನು ಸುಳ್ಳು ತಲೆ ಅಲ್ಲಾಡಿಸ್ಬುಟ್ಟೆ. ಇವಳು ಹೇಳಿದ್ಲು, ಸೂಜಿಗೆ ಇಂಗಾಗಿತ್ತು ಅಂತ. ನಾನೇ ಕೇಳ್ನಿಲ್ಲ. ಬಲವಂತ ಮಾಡಿ ನುಂಗಿಸ್ದೆ."

ಚಿಕ್ಕರಾಜು ತಾಯಿಯನ್ನು ಒಮ್ಮೆ ನೋಡಿ ಹೊರಗೆ ನಡೆದುಬಿಟ್ಟ. ಯತ್ತಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಲಾವಣ್ಯ ನೆಲ ನೋಡುತ್ತಾ ನಿಂತಿದ್ದಳು.

ಡಾಕ್ಟರ್ ಬೈಯಲಿಲ್ಲ. "ನೋವು ನಿಂತರೆ ರೋಗಾಣು ಪೂರ್ತಿ ಸತ್ತಿದೆ ಅಂತ ಅಲ್ಲಮ್ಮ. ಉಳಿದದ್ದು ಮತ್ತೆ ಬೆಳೆಯುತ್ತೆ. ಈಗ ಮಾತ್ರೆಯಲ್ಲಿ ಮುಗಿಯಲ್ಲ," ಎಂದು ಶಿರಾಕ್ಕೆ ಬರೆದುಕೊಟ್ಟರು. ಲಾವಣ್ಯಳನ್ನು ಕರೆದು, ಪೆನ್ಸಿಲಿನ್ ಒಗ್ಗುವುದಿಲ್ಲವೆಂದು ಒಂದು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಯಾವ ಆಸ್ಪತ್ರೆಗೆ ಹೋದರೂ, ಯಾವ ಅಂಗಡಿಯಲ್ಲಿ ಔಷಧಿ ಕೊಂಡರೂ ಮೊದಲು ಇದನ್ನು ತೋರಿಸು ಎಂದರು.

ಶಿರಾದಲ್ಲಿ ಕೀವು ತೆಗೆದರು. ಕೀವನ್ನು ಪರೀಕ್ಷೆಗೆ ಕಳಿಸಿ, ಹಳೆಯ ಔಷಧಿ ಈಗ ನಾಟುವುದಿಲ್ಲವೆಂದು ಬೇರೆಯದನ್ನು ರಕ್ತನಾಳಕ್ಕೇ ಕೊಟ್ಟರು. ಹನ್ನೊಂದು ದಿನ ಹಾಸಿಗೆ. ಜೊತೆಗಿದ್ದವಳು ಲಾವಣ್ಯ. ಮಗ ಬುತ್ತಿ ತಂದಿಟ್ಟು, ಬಾಗಿಲಿನಿಂದಲೇ ಹೆಂಡತಿಯನ್ನು ವಿಚಾರಿಸಿ ಹೋಗುತ್ತಿದ್ದ. ಮನೆಗೆ ಬಂದ ಮೇಲೆ ಮಾತ್ರೆ ಇನ್ನೂ ಹತ್ತು ದಿನವಿತ್ತು. ಲಾವಣ್ಯ ಹೊತ್ತುಹೊತ್ತಿಗೆ ಎದುರು ನಿಂತು, ನುಂಗಿದ್ದನ್ನು ಕಂಡೇ ಒಳಗೆ ಹೋಗುತ್ತಿದ್ದಳು. ಒಂದನ್ನೂ ಉಳಿಯಗೊಡಲಿಲ್ಲ.

ಕಾಲು ಉಳಿಯಿತು, ಆದರೆ ಹಿಮ್ಮಡಿಯ ನರ ಬಿಗಿದು ಕುಂಟು ಕಾಯಂ ಆಯಿತು. ಕುರಿಯ ಹಿಂದೆ ಈಗ ಯತ್ತಪ್ಪ ಒಬ್ಬನೇ. ಮಂದೆಯನ್ನು ಅರ್ಧಕ್ಕೆ ಇಳಿಸಿದ್ದಾನೆ. ಚಿಕ್ಕರಾಜು ಸಂಕ್ರಾಂತಿ ಕಳೆದ ಮೇಲೆ ತಾಯಿಯೊಡನೆ ಮಾತು ಶುರುವಿಟ್ಟ, ಅದೂ ಬೇಕಾದಷ್ಟೇ. ಮೊನ್ನೆ ಹಟ್ಟಿಯ ಬಸವಮ್ಮ ಎಂಬಾಕೆ ಮೊಮ್ಮಗಳ ಜ್ವರಕ್ಕೆ ಮಾತ್ರೆ ಕೇಳಿಕೊಂಡು ಬಂದಾಗ ಭೀಮಕ್ಕ, "ನನ್ನತ್ರ ಇಲ್ಲ ಕಣಮ್ಮ, ಇದ್ರೂ ಕೊಡಾಕಿಲ್ಲ. ನಡಿ, ನಾನೂ ಆಸ್ಪತ್ರೆಗೆ ಬತ್ತೀನಿ," ಎಂದು ಕೋಲು ಹಿಡಿದು ಎದ್ದಳು.

ಲಾವಣ್ಯಳಿಗೆ ಈಗಲೂ ಅತ್ತೆ ಒಂದು ಲೋಟ ಕಷಾಯ ಕೊಟ್ಟರೆ ಕೈ ತಟ್ಟನೆ ಮುಂದೆ ಬರುವುದಿಲ್ಲ.

"ಏನು ಹಾಕೀರಿ ಇದ್ರಾಗೆ?" ಎಂದು ಕೇಳುತ್ತಾಳೆ.

"ಮೆಣಸು, ಜೀರಿಗೆ, ಒಂಚೂರು ಬೆಲ್ಲ," ಎನ್ನುತ್ತಾಳೆ ಭೀಮಕ್ಕ. ಬೇಸರಪಟ್ಟುಕೊಳ್ಳುವುದಿಲ್ಲ. ದಿನಕ್ಕೆ ಎಷ್ಟು ಸಲ ಕೇಳಿದರೂ ಅಷ್ಟು ಸಲ ಹೇಳುತ್ತಾಳೆ.