ಪಕ್ಕದ ಮನೆಗಿಂತ ಒಂದಡಿ ಮೇಲೆ

ಭದ್ರಾವತಿಯ ಕಾಲೇಜೊಂದರಲ್ಲಿ ನಾನು ಭೂಗೋಳ ಪಾಠ ಮಾಡುತ್ತೇನೆ. ಪ್ರತಿ ವರ್ಷ ನನ್ನ ತಲೆ ಕೆಡಿಸುವುದು ಒಂದೇ ಪಾಠ, ಸಮುದ್ರ ಸೇರದ ನದಿಗಳದ್ದು. ಜಗತ್ತಿನ ಎಷ್ಟೋ ಸೀಮೆಗಳಲ್ಲಿ ನೀರಿಗೆ ಹೊರಗೆ ಹೋಗುವ ದಾರಿಯೇ ಇಲ್ಲ, ವೋಲ್ಗಾದಂಥ ನದಿಯೂ ಹೋಗಿ ಬೀಳುವುದು ಹೆಸರಿಗಷ್ಟೇ ಸಮುದ್ರವಾದ ಕ್ಯಾಸ್ಪಿಯನ್ ಎಂಬ ಸರೋವರಕ್ಕೆ, ಅಲ್ಲಿಂದ ಮುಂದೆ ಒಂದು ಹನಿಯೂ ಹರಿಯುವುದಿಲ್ಲ ಎಂದರೆ ತುಂಗೆ ಭದ್ರೆಯರ ನಡುವೆ ಹುಟ್ಟಿದ ಮಕ್ಕಳು ನಂಬುವುದಿಲ್ಲ. ನದಿ ಅಂದಮೇಲೆ ಸಮುದ್ರ ಸೇರಲೇಬೇಕು ಎಂದು ತೀರ್ಮಾನಿಸಿಕೊಂಡೇ ಬಂದಿರುತ್ತಾರೆ. ಹೋದ ವರ್ಷ ಒಬ್ಬ, ಕ್ಯಾಸ್ಪಿಯನ್ ಸಮುದ್ರವು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ ಎಂದು ಬರೆದಿದ್ದ. ಕೆಳಗೆ ಗೆರೆ ಬೇರೆ ಎಳೆದಿದ್ದ.

ಮಕ್ಕಳನ್ನಾದರೂ ಕ್ಷಮಿಸಬಹುದು. ನಮ್ಮ ಬೀದಿಯವರನ್ನು ಕ್ಷಮಿಸುವುದು ಹೇಗೆ? ನಮ್ಮ ಮನೆ ಶಿವಮೊಗ್ಗದ ಹೊಸಮನೆಯಲ್ಲಿ, ಒಂದು ಸಣ್ಣ ಅಡ್ಡರಸ್ತೆಯ ಕೊನೆಗೆ. ಈ ಹತ್ತು ವರ್ಷದಲ್ಲಿ ಇಲ್ಲಿ ಯಾರು ಮನೆ ಕಟ್ಟಿದರೂ ಮೇಸ್ತ್ರಿ ಹೇಳುವ ಮಾತು ಒಂದೇ. "ಪಕ್ಕದ ಮನೆಗಿಂತ ಒಂದಡಿ ಮೇಲಿಟ್ಬಿಡಣ, ಆಮೇಲೆ ನಿಮ್ಗೆ ಯಾವ ತಾಪತ್ರಯನೂ ಇಲ್ಲ." ಒಬ್ಬರು ಒಂದಡಿ ಏರಿಸಿದರೆ ಮುಂದಿನವರು ಅವರಿಗಿಂತ ಒಂದಡಿ. ಹೀಗೆ ಏರುತ್ತ ಏರುತ್ತ ಬೀದಿಯ ಅಷ್ಟೂ ನೀರು ಕೊನೆಯ ಎರಡು ಹಳೆಯ ಮನೆಗಳ ಪಾಲಿಗೆ ಬಂತು. ಒಂದು ನಮ್ಮದು, ಇನ್ನೊಂದು ಪಕ್ಕದ ಅಕ್ಕನದು.

ಅಕ್ಕ ಭದ್ರಾವತಿಯಲ್ಲಿ ಹುಟ್ಟಿ ಬೆಳೆದವಳು, ಮನೆಮಾತು ತಮಿಳು. ಚಕ್ಕುಲಿ, ಕೋಡುಬಳೆ ಮಾಡಿ ಅಂಗಡಿಗಳಿಗೂ ಮದುವೆ ಮನೆಗಳಿಗೂ ಕೊಡುತ್ತಾಳೆ. ಸಂಸಾರ ನಡೆಯುವುದೇ ಅದರಲ್ಲಿ. ಅವಳ ಮುಂದಿನ ಕೋಣೆಯ ತುಂಬ ಹಿಟ್ಟಿನ ಡಬ್ಬ, ಅಕ್ಕಿಯ ಮೂಟೆ. ಬಾಗಿಲಿಗೆ ಇರುವುದು ಒಂದೇ ಮೆಟ್ಟಿಲು. ನಮಗೆ ನಾಲ್ಕು.

ಮೊದಲೆಲ್ಲ ಈ ನೀರು ನಮ್ಮಿಬ್ಬರ ಮನೆಗಳ ನಡುವಿನ ಸಂದಿಯಲ್ಲಿ ಹಾಯ್ದು ಹಿಂದಿನ ಖಾಲಿ ಸೈಟಿಗೆ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಅಲ್ಲೂ ಮನೆ ಎದ್ದಿತು, ಪಕ್ಕದವರಿಗಿಂತ ಒಂದಡಿ ಮೇಲೆ. ಅಲ್ಲಿಗೆ ದಾರಿ ಮುಗಿಯಿತು. ಹೋದ ಮಳೆಗಾಲ ಎರಡು ಅಂಗಳವೂ ಕೂಡಿ ಒಂದು ಕೆರೆ. ಇಳಿಯಲು ವಾರ ಹಿಡಿಯುತ್ತಿತ್ತು. ನನ್ನ ಸ್ಕೂಟರಿನ ಎಂಜಿನ್ ಕೆಟ್ಟಿತು. ಅಕ್ಕನ ಹೊಸಿಲಿಗೆ ಎರಡು ಬೆರಳು ಬಾಕಿಯಿರುವಂತೆ ನೀರು ನಿಂತಿತ್ತು.

ನಾನು ಮನೆಮನೆಗೆ ಹೋಗಿ ಹೇಳಿದೆ. ಎಲ್ಲರೂ ಸೇರಿ ಹಿಂದಿನ ಮನೆಯವರನ್ನು ಕೇಳೋಣ, ಅವರ ಗೋಡೆಯ ಪಕ್ಕ ಒಂದು ಪೈಪು ಹಾಕಿಸಿದರೆ ಅವರ ಮನೆಯಾಚೆಯ ಕಾಲುವೆಗೆ ನೀರು ಹೋಗುತ್ತದೆ ಎಂದೆ. ಮಧ್ಯ ಏಷ್ಯಾದಲ್ಲಿ ನದಿಯ ಮೇಲ್ಭಾಗದವರು ಹತ್ತಿಯ ಹೊಲಕ್ಕೆ ನೀರು ತಿರುಗಿಸಿಕೊಂಡದ್ದಕ್ಕೆ ಅರಲ್ ಸಮುದ್ರವೇ ಬತ್ತಿ ಹಡಗುಗಳು ಮರಳಲ್ಲಿ ನಿಂತವು, ನೀರಿನ ವಿಷಯದಲ್ಲಿ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಟ್ಟುತ್ತದೆ ಎಂದು ಕಾಫಿ ಕುಡಿಯುತ್ತ ಅರ್ಧ ಗಂಟೆ ಕೊರೆದೆ. "ಅಲ್ಲಾ ಮೇಡಂ, ಅಲ್ಲಿ ಬತ್ತಿದ್ದು, ಇಲ್ಲಿ ತುಂಬಿದ್ದು, ಎರಡೂ ಹೆಂಗೆ ಒಂದೇ ಆಗುತ್ತೆ?" ಎಂದರು ಮೂರನೇ ಮನೆಯವರು. ಹಿಂದಿನವರು ಗೇಟೇ ತೆರೆಯಲಿಲ್ಲ. ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದಷ್ಟೇ ಬಂತು.

ಈ ಬೇಸಿಗೆಯಲ್ಲಿ ನಮ್ಮ ಯಜಮಾನರು ಒಂದು ದಿನ ಊಟಕ್ಕೆ ಕೂತವರು ಹೇಳಿದರು. "ಎಲ್ರಿಗೂ ಪಾಠ ಮಾಡಿದ್ದು ಸಾಕು ಮಾರಾಯ್ತಿ. ಅಂಗಳಕ್ಕೆ ಒಂದೂವರೆ ಅಡಿ ಮಣ್ಣು ತುಂಬಿಸಿ ಟೈಲ್ಸ್ ಹಾಕಿಸ್ತೀನಿ."

ಬೇಡ ಎನ್ನಬೇಕಿತ್ತು. ನನಗೆ ಸಾಕಾಗಿತ್ತು, ಹೂಂ ಎಂದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಮೇಸ್ತ್ರಿ ಬಂದ. ಮಟ್ಟ ನೋಡಲು ನೀರು ತುಂಬಿದ ಉದ್ದನೆಯ ತಿಳಿ ಪೈಪು ತಂದಿದ್ದ. ಒಂದು ತುದಿ ನಮ್ಮ ಮೆಟ್ಟಿಲ ಬಳಿ ಅವನೇ ಹಿಡಿದ. ಇನ್ನೊಂದು ತುದಿಯನ್ನು ಪಕ್ಕದ ಮನೆಯ ಹೊಸಿಲಿಗೆ ಹಿಡಿಯಬೇಕು, ಅದಕ್ಕಿಂತ ಎಷ್ಟು ಮೇಲೆ ಎಂದು ತಿಳಿಯಬೇಕಲ್ಲ. ಆಳು ಬಂದಿರಲಿಲ್ಲ. ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದ ಅಕ್ಕ, "ಇಲ್ಲಿ ಕೊಡಪ್ಪ, ನಾ ಹಿಡೀತೀನಿ" ಎಂದಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ತನ್ನ ಹೊಸಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಅವನು ಸ್ವಲ್ಪ ಮೇಲೆ ಅಂದರೆ ಮೇಲೆ, ಕೆಳಗೆ ಅಂದರೆ ಕೆಳಗೆ ಪೈಪು ಸರಿಸಿದಳು. ಮುಗಿದ ಮೇಲೆ ಮೇಸ್ತ್ರಿಗೆ ಟೀ, ಎರಡು ಚಕ್ಕುಲಿ ಕೊಟ್ಟಳು. ನಾನು ಜಗಲಿಯ ಮೇಲೆ ನಿಂತು ನೋಡುತ್ತಿದ್ದೆ. ಆ ಪೈಪಿನ ನೀರು ಏನು ಹೇಳುತ್ತಿದೆ ಎಂದು ಅಲ್ಲಿದ್ದವರಲ್ಲಿ ಪೂರಾ ಗೊತ್ತಿದ್ದವಳು ನಾನೊಬ್ಬಳೇ. ಎರಡು ಅಂಗಳಗಳಲ್ಲಿ ಹರಡುವ ನೀರು ಇನ್ನು ಒಂದರಲ್ಲೇ ನಿಲ್ಲಬೇಕು.

ಜೂನ್ ಕೊನೆಗೆ ಮಳೆ ಹಿಡಿಯಿತು. ಎರಡನೇ ದಿನ ಬೆಳಿಗ್ಗೆ ಬಸ್ಸಿಗೆ ಹೊರಟವಳು ನೋಡುತ್ತೇನೆ, ನಮ್ಮ ಅಂಗಳದ ಟೈಲ್ಸ್ ತೊಳೆದಿಟ್ಟಂತೆ ಹೊಳೆಯುತ್ತಿದೆ. ಆಚೆ ಅಕ್ಕನ ಹೊಸಿಲು ಕಾಣುತ್ತಿಲ್ಲ. ಮುಂದಿನ ಕೋಣೆಯಲ್ಲಿ ಕಣಕಾಲು ಮುಳುಗುವ ನೀರಲ್ಲಿ ನಿಂತು ಅವಳು ಡಬ್ಬಗಳನ್ನು ಮಂಚದ ಮೇಲೆ ಏರಿಸುತ್ತಿದ್ದಳು. ಅಕ್ಕಿಯ ಮೂಟೆ ನೆನೆದು ಊದಿತ್ತು. ಆ ವಾರ ಒಂದು ಮದುವೆಯ ಚಕ್ಕುಲಿ ಒಪ್ಪಿಕೊಂಡಿದ್ದಳೆಂದು ನನಗೆ ಗೊತ್ತಿತ್ತು.

ನನ್ನನ್ನು ಕಂಡು ಕೇಳಿದಳು. "ಮೇಡಂ, ನಿಮ್ಮಲ್ಲಿ ನೀರು ಬಂತಾ?"

"ಇಲ್ಲ."

"ಸದ್ಯ. ನಿಮ್ದಾದ್ರೂ ಉಳೀತಲ್ಲ."

ಬೈದಿದ್ದರೆ ಎಷ್ಟೋ ವಾಸಿ ಇತ್ತು. ಚಪ್ಪಲಿ ಬಿಟ್ಟು ನೀರಿಗಿಳಿದು, ಡಬ್ಬ ಎತ್ತಿಕೊಡುತ್ತ, "ನಾವು ಮಣ್ಣು ತುಂಬಿಸಿದ್ದಕ್ಕೇ ಹಿಂಗಾಗಿದ್ದು ಅಕ್ಕ" ಎಂದೆ.

"ಅಯ್ಯೋ, ಮಳೆ ಜೋರು ಈ ಸಲ. ಅದಕ್ಕೆ ನೀವೇನು ಮಾಡ್ತೀರಿ" ಎಂದಳು. ಅವಳಿಗೆ ನಿಜಕ್ಕೂ ತಿಳಿಯಲಿಲ್ಲವೋ, ತಿಳಿದೂ ಬೇಡವೆಂದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಮನೆಗೆ ಬಂದು ಮಣ್ಣು ತೆಗೆಸಿ ಎಂದೆ. ಯಜಮಾನರು ಪೇಪರಿನಿಂದ ತಲೆ ಎತ್ತಿ, "ಟೈಲ್ಸ್ ಹಾಕಿ ಇನ್ನೂ ಎರಡು ತಿಂಗಳಾಗಿಲ್ಲ, ತಲೆ ಕೆಟ್ಟಿದೆಯಾ ನಿಂಗೆ?" ಎಂದರು. ಜಗಳವಾಡಿದೆ. ಮಳೆಗಾಲ ಕಳೆಯಲಿ ನೋಡೋಣ ಎನ್ನುವಲ್ಲಿಗೆ ಅದು ನಿಂತಿತು. ಈ ಬೀದಿಯಲ್ಲಿ ಎಲ್ಲವೂ ನಿಲ್ಲುವುದು ಅಲ್ಲೇ.

ಅಕ್ಕನಿಗೆ ಮದುವೆಯ ಆರ್ಡರ್ ತಪ್ಪಿತು. ಮನೆಯೊಳಗಿನ ನೀರು ಇಳಿದರೂ ಅವಳ ಗೋಡೆಗಳು ಸೊಂಟದವರೆಗೆ ಒದ್ದೆ. ಅಲ್ಲಿಟ್ಟ ಹಿಟ್ಟು ಎರಡೇ ದಿನಕ್ಕೆ ಮುಗ್ಗಲು ವಾಸನೆ. ಹೊಸ ಹಿಟ್ಟು ಬೀಸಿಸಿಕೊಂಡು ಬಂದ ದಿನ ಸಂಕೋಚದಿಂದ ಗೇಟಿನಲ್ಲಿ ನಿಂತು ಕೇಳಿದಳು. "ಮಳೆ ಮುಗಿಯೋವರೆಗೂ ಡಬ್ಬಗಳನ್ನ ನಿಮ್ಮ ಹಾಲಲ್ಲಿ ಇಡಬಹುದಾ ಮೇಡಂ? ನಿಮ್ಮನೆ ಬೆಚ್ಚಗಿರುತ್ತೆ."

ಈಗ ನಮ್ಮ ಹಾಲಿನಲ್ಲಿ ಟೀವಿಯ ಪಕ್ಕ ಏಳು ಡಬ್ಬಗಳಿವೆ. ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಅಕ್ಕ ಪಾತ್ರೆ ಹಿಡಿದು ಬರುತ್ತಾಳೆ. ಅವಳ ಅಂಗಳದಲ್ಲಿ ಇನ್ನೂ ಕಣಕಾಲಷ್ಟು ನೀರಿದೆ. ಬಾಗಿಲಲ್ಲಿ ನಿಂತು ಒಂದೊಂದೇ ಕಾಲನ್ನು ಚೆನ್ನಾಗಿ ಒರೆಸಿಕೊಂಡು ಒಳಗೆ ಬಂದು, ತನ್ನದೇ ಹಿಟ್ಟನ್ನು ಅಳೆದುಕೊಂಡು, ಹೋಗುವಾಗ ದಿನವೂ ಹೇಳುತ್ತಾಳೆ, "ನಿಮ್ಗೆ ತೊಂದ್ರೆ ಕೊಡ್ತಿದೀನಿ ಮೇಡಂ."