ಬೀರಪ್ಪನವರು ಬೇಡವೆಂದಿದ್ದರು

ಕೊರೊನಾ ಕಾಲದ ನಿರ್ಬಂಧಗಳೆಲ್ಲ ತೆರವಾಗಿ, ಕಲ್ಯಾಣಮಂಟಪಗಳಲ್ಲಿ ಮತ್ತೆ ಆರ್ಕೆಸ್ಟ್ರಾಗಳ ಸದ್ದು ಕೇಳತೊಡಗಿದ ವರ್ಷವದು. ನಾನಾಗ ಜಿಲ್ಲಾ ದಿನಪತ್ರಿಕೆಯೊಂದಕ್ಕೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ವರದಿಗಾರ್ತಿ. ಪಂಚಾಯಿತಿ ಸಭೆ, ಮೆಕ್ಕೆಜೋಳದ ಧಾರಣೆ, ಕೆಟ್ಟುನಿಂತ ಕುಡಿಯುವ ನೀರಿನ ಘಟಕ ಇವು ದಿನದ ಕೆಲಸ. ಶನಿವಾರದ ಪುರವಣಿಗೆ ಬರೆಯುತ್ತಿದ್ದ ಸಂಗೀತದ ಅಂಕಣ ಮಾತ್ರ ನಾನೇ ಸಂಪಾದಕರನ್ನು ಬೆನ್ನುಹತ್ತಿ ಪಡೆದುಕೊಂಡದ್ದು. ಅದಕ್ಕೆ ‘ಹಿಂದಿನ ಸಾಲು’ ಎಂದು ಹೆಸರಿಟ್ಟಿದ್ದೆ.

ಹೆಸರಿನ ಹಿಂದೆ ಒಂದು ಸಿಟ್ಟಿತ್ತು. ನಮ್ಮ ಕಡೆಯ ಆರ್ಕೆಸ್ಟ್ರಾ ಫ್ಲೆಕ್ಸುಗಳನ್ನು ನೋಡಿ: ಗಾಯಕರ ಮುಖವಿರುತ್ತದೆ, ನಿರೂಪಕರ ಹೆಸರಿರುತ್ತದೆ, ಶಾಮಿಯಾನ ಹಾಕಿದವರ ಫೋನ್ ನಂಬರೂ ಇರುತ್ತದೆ. ಮೂರು ಗಂಟೆ ನಿಂತು ನುಡಿಸುವ ವಾದಕರ ಹೆಸರಿರುವುದಿಲ್ಲ. ಇದೊಂದು ಅನ್ಯಾಯ, ಮತ್ತು ಬರೆದರೆ ಸರಿಹೋಗಬಲ್ಲ ಅನ್ಯಾಯ ಎಂದು ನಾನು ದೃಢವಾಗಿ ನಂಬಿದ್ದೆ. ಪದವಿಯ ಮೂರೂ ವರ್ಷ ಚರ್ಚಾಸ್ಪರ್ಧೆಗಳಲ್ಲಿ ಕಾಲೇಜನ್ನು ಪ್ರತಿನಿಧಿಸಿದವಳು ನಾನು. ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮಂಡಿಸಿದರೆ ಯಾರಾದರೂ ಒಪ್ಪಲೇಬೇಕು ಎಂಬ ವಿಶ್ವಾಸ ಅಲ್ಲಿಂದ ಬಂದದ್ದು.

ಆ ವರ್ಷ ಬೇಸ್ ಗಿಟಾರ್ ವಾದಕರ ಬಗ್ಗೆ ಮೂರು ಕಂತು ಬರೆಯಲು ಹೊರಟೆ. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ, ನಾಲ್ಕೂ ದಪ್ಪ. ಅದು ಹಾಡಿನ ಧಾಟಿಯನ್ನು ನುಡಿಸುವುದಿಲ್ಲ. ಡ್ರಮ್ಮಿನ ಪೆಟ್ಟಿಗೆ ಹೊಂದಿಕೊಂಡು ಹಾಡಿನ ಅಡಿಯಲ್ಲಿ ಮಂದ್ರ ಸ್ವರಗಳನ್ನು ಇಡುತ್ತಾ ಹೋಗುತ್ತದೆ. ಇರುವಷ್ಟು ಹೊತ್ತು ಯಾರ ಗಮನಕ್ಕೂ ಬಾರದು. ನಿಂತುಹೋದರೆ ಮಾತ್ರ, ಕಾರಣ ತಿಳಿಯದಿದ್ದರೂ, ಹಾಡು ಬಡಕಲಾಯಿತೆಂದು ಎಲ್ಲರಿಗೂ ಅನ್ನಿಸುತ್ತದೆ. ಹಿಂದಿನ ಸಾಲಿನಲ್ಲೂ ಹಿಂದಿನವರು ಇವರು.

ಇವರನ್ನು ಮಾತಾಡಿಸುವುದು ಸುಲಭವಲ್ಲವೆಂದು ಬೇಗನೆ ಗೊತ್ತಾಯಿತು. ಶಿಕಾರಿಪುರದ ಮೊದಲ ವಾದಕರು ನನ್ನ ಹದಿನಾಲ್ಕು ಪ್ರಶ್ನೆಗಳಲ್ಲಿ ಹನ್ನೊಂದಕ್ಕೆ “ಹ್ಞೂಂ ರೀ” ಎಂದರು. ಜಡೆ ಎಂಬ ಊರಿನ ಎರಡನೆಯವರು ಒಂದು ಗಂಟೆ ಮಾತನಾಡಿದರು, ಅಷ್ಟೂ ತಮ್ಮ ತಂಡದ ಗಾಯಕಿಯ ಬಗ್ಗೆ. ಫೋಟೋ ತೆಗೆಯಲು ಕ್ಯಾಮೆರಾ ಎತ್ತಿದಾಗ, “ತಡೀರಿ ಮೇಡಂ, ಸಿಂಗರ್ ಬರ್ಲಿ, ನಂದ್ ಒಬ್ಬಂದೇ ತೆಗದ್ರೆ ಆಧಾರ್ ಕಾರ್ಡ್ ಆಗ್ತದೆ” ಎಂದರು. ಹೊರಡುವಾಗ ಅವರೇ ಹೇಳಿದರು: ಬೇಸ್ ಅಂದರೇನು ಅಂತ ತಿಳಿಯಬೇಕಿದ್ದರೆ ಶಿರಾಳಕೊಪ್ಪದ ಬೀರಪ್ಪನವರನ್ನು ನೋಡಿ.

ಬೀರಪ್ಪನವರಿಗೆ ಆಗ ಐವತ್ತರ ಹತ್ತಿರ. ಹಗಲು ಶಿರಾಳಕೊಪ್ಪದ ಒಂದು ಹಿಟ್ಟಿನ ಗಿರಣಿಯಲ್ಲಿ ಕೆಲಸ. ಕಾರ್ಯಕ್ರಮವಿದ್ದ ದಿನ ಸೊರಬದ ಪ್ರಕಾಶ್ ಎಂಬ ಗಾಯಕರ ಆರ್ಕೆಸ್ಟ್ರಾದಲ್ಲಿ ಬೇಸ್. ಮನೆತನ ಕುರಿ ಕಾಯ್ದದ್ದು. ಹುಡುಗನಾಗಿದ್ದಾಗ ತಂದೆಯ ಜೊತೆ ಡೊಳ್ಳು ಬಾರಿಸಿದ್ದವರು. “ಡೊಳ್ಳು ಕಿವೀಗೆ ಕೇಳೋದಲ್ಲ ರೀ, ಹೊಟ್ಟೀಗೆ ಕೇಳೋದು. ಬೇಸೂ ಹಂಗೇ” ಎಂದರು. ಒಂದೇ ಮಾತಿನಲ್ಲಿ ನನ್ನ ಲೇಖನದ ಅರ್ಧ ಸಿಕ್ಕಿದಂತಾಯಿತು. ಮುಖ ನೋಡಿಯೇ ಮಾತನಾಡುವ ಮನುಷ್ಯ. ಗಮನವಿಟ್ಟು ಕೇಳುವ ಆ ರೀತಿಯನ್ನು ಸೌಜನ್ಯವೆಂದುಕೊಂಡೆ.

ಮುಂದಿನ ವಾರ ಆನವಟ್ಟಿಯ ಶಾಲಾ ಮೈದಾನದಲ್ಲಿ ಅವರ ತಂಡದ ರಾಜ್ಯೋತ್ಸವ ಕಾರ್ಯಕ್ರಮವಿತ್ತು. ಮಧ್ಯಾಹ್ನದ ಸೌಂಡ್ ಚೆಕ್‌ಗೇ ಹೋದೆ. ಕಾರ್ಯಕ್ರಮಕ್ಕೆ ಮೊದಲು ಪ್ರತಿ ವಾದ್ಯದ ಧ್ವನಿಯನ್ನು ಅಳತೆಗೆ ತರುವ ಕೆಲಸವದು. ಬೀರಪ್ಪನವರು ಚಪ್ಪಲಿಯನ್ನು ವೇದಿಕೆಯ ಕೆಳಗೆ ಬಿಟ್ಟು, ವ್ಯಾನಿನಿಂದ ಒಂದು ಉದ್ದನೆಯ ಹಲಸಿನ ಹಲಗೆಯನ್ನು ಇಳಿಸಿಕೊಂಡು ಬಂದರು. ಹಲಗೆಯ ಒಂದು ತುದಿಗೆ ತಮ್ಮ ಬೇಸ್ ಆಂಪ್ ಇಟ್ಟರು. ವಾದ್ಯದ ಸದ್ದನ್ನು ಹಿಗ್ಗಿಸಿ ಹೊರಡಿಸುವ ಪೆಟ್ಟಿಗೆ ಅದು. ಇನ್ನೊಂದು ತುದಿಯಲ್ಲಿ ಬರಿಗಾಲಿನಲ್ಲಿ ತಾವು ನಿಂತರು. ಕೇಳಿದ್ದಕ್ಕೆ ಕೀಬೋರ್ಡಿನವರು, ಅದು ಅವರ ಭಕ್ತಿ, ಸರಸ್ವತಿಯ ಎದುರು ಚಪ್ಪಲಿ ಹಾಕುವುದಿಲ್ಲ ಎಂದರು.

ಹಿಂದಿನಿಂದ ನಾನು ಎರಡು ಸಲ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಆಂಪಿನ ವೈರು ಸಡಿಲಾಗಿ ಬೇಸ್ ನಿಂತುಹೋಯಿತು. ಉಳಿದವರೆಲ್ಲ ನುಡಿಸುತ್ತಲೇ ಇದ್ದರು. ಬೀರಪ್ಪನವರೊಬ್ಬರು ಕೈ ನಿಲ್ಲಿಸಿ, ಆಂಪಿನ ಕಡೆಗಲ್ಲ, ತಮ್ಮ ಪಾದಗಳ ಕಡೆಗೆ ನೋಡಿದರು. ಆ ನೋಟದಿಂದ ನನಗೆ ವಿಷಯ ತಿಳಿಯಿತು.

ಮರುದಿನ ಗಿರಣಿಗೆ ಹೋಗಿ ನೇರವಾಗಿ ಕೇಳಿದೆ. ಅವರು ಯಂತ್ರ ನಿಲ್ಲಿಸಿದರು. ಗಿರಣಿಯ ಸದ್ದು, ಇಪ್ಪತ್ತೈದು ವರ್ಷ ಸ್ಪೀಕರುಗಳ ಪಕ್ಕದಲ್ಲಿ ನಿಂತದ್ದು, ಎರಡೂ ಸೇರಿ ಕಿವಿಯನ್ನು ತಿಂದಿದ್ದವು. ಎದುರು ಕೂತವರ ತುಟಿಯ ಚಲನೆಯಿಂದ ಮಾತು ತಿಳಿಯುತ್ತಿತ್ತು. ಹಾಡಿನ ಸಾಹಿತ್ಯ ಕೇಳುತ್ತಿರಲಿಲ್ಲ. ಡ್ರಮ್ಮಿನವರ ಕೈ ನೋಡಿ ತಾಳ ಹಿಡಿಯುತ್ತಿದ್ದರು, ತಮ್ಮ ಸ್ವರವನ್ನು ಹಲಗೆಯ ಮೂಲಕ ಅಂಗಾಲಿನಿಂದ ತಿಳಿಯುತ್ತಿದ್ದರು. ಬೀಸುವ ಕಲ್ಲು ಸರಿ ಕೂತಿದೆಯೋ ಇಲ್ಲವೋ ಎಂದು ಯಂತ್ರದ ಮೇಲೆ ಅಂಗೈ ಇಟ್ಟು ನೋಡುವುದು ಗಿರಣಿಯ ರೂಢಿ. ಅದನ್ನೇ ವೇದಿಕೆಗೆ ಒಯ್ದಿದ್ದರು. ಇಷ್ಟನ್ನೂ ಹೇಳಿ ಕೊನೆಗೆ, “ಬ್ಯಾಡ ರೀ. ಇದೊಂದು ಬಿಟ್ಟು ಏನ್ ಬೇಕಾದ್ರೂ ಬರೀರಿ” ಎಂದರು.

ಕಾರಣ ಕೇಳಿದೆ.

“ತಂಡದಾಗೆ ಅವ್ರು ಕೇಳಿಲ್ಲ, ನಾ ಹೇಳಿಲ್ಲ. ಹಂಗೇ ನಡೀಲಿ ಬಿಡ್ರಿ.”

ನಾನು ಬಿಡಲಿಲ್ಲ. ಮೂರು ವಾದಗಳನ್ನು ಮುಂದಿಟ್ಟೆ. ಮೊದಲನೆಯದು, ಮುಚ್ಚಿಟ್ಟರೆ ನ್ಯೂನತೆ ಅವಮಾನದಂತೆ ಕಾಣುತ್ತದೆ. ಹೇಳಿದರೆ ಸಾಧನೆಯಂತೆ ಕಾಣುತ್ತದೆ. ಎರಡನೆಯದು, ಕಿವಿ ಮಂದವಾಗುತ್ತಿರುವ ಎಷ್ಟೋ ವಾದಕರಿಗೆ ಇದು ಧೈರ್ಯವನ್ನೂ ಎಚ್ಚರಿಕೆಯನ್ನೂ ಕೊಡುತ್ತದೆ. ಮೂರನೆಯದು, ಓದಿದವರು ಅವರನ್ನು ಇನ್ನಷ್ಟು ಗೌರವಿಸುತ್ತಾರೆ. ಎದುರಾಳಿ ಎತ್ತಬಹುದಾದ ಆಕ್ಷೇಪವನ್ನು ತಾನೇ ಮೊದಲು ಎತ್ತಿ ಉತ್ತರಿಸಿಬಿಡುವುದು ಚರ್ಚಾಸ್ಪರ್ಧೆಯ ಹಳೆಯ ಉಪಾಯ. ಅದನ್ನೂ ಬಳಸಿದೆ. ನಾನು ಆಡಿದ ಪ್ರತಿಯೊಂದು ಮಾತನ್ನೂ ನಂಬಿಯೇ ಆಡಿದ್ದೆ.

ಬೀರಪ್ಪನವರು ನನ್ನ ತುಟಿಯನ್ನೇ ನೋಡುತ್ತ ಕೊನೆಯವರೆಗೂ ಕೇಳಿದರು. ಆಮೇಲೆ ಕೈಗಂಟಿದ ಹಿಟ್ಟನ್ನು ಕೊಡವಿ ನಕ್ಕರು. “ನಿಮ್ ಜೊತೀಗೆ ಮಾತಾಡಿ ಗೆಲ್ಲಾಕ್ ಆಗಲ್ಲ ಬಿಡ್ರಿ.” ಯಂತ್ರ ಮತ್ತೆ ಶುರುವಾಯಿತು. ನಾನು ಬಾಗಿಲ ಬಳಿ ನಿಂತು ನೋಟ್‌ಬುಕ್ಕಿನಲ್ಲಿ ‘ಒಪ್ಪಿಗೆ ಇದೆ’ ಎಂದು ಬರೆದುಕೊಂಡೆ.

ಲೇಖನ ‘ಪಾದದಿಂದ ಕೇಳುವ ಕಲಾವಿದ’ ಎಂಬ ಶೀರ್ಷಿಕೆಯಲ್ಲಿ, ಬರಿಗಾಲು ಮತ್ತು ಹಲಗೆಯ ದೊಡ್ಡ ಫೋಟೋದೊಂದಿಗೆ ಪ್ರಕಟವಾಯಿತು. ಸಂಪಾದಕರು ಫೋನ್ ಮಾಡಿ ಹೊಗಳಿದರು. ನಾನು ಓದಿದ ಕಾಲೇಜಿನಿಂದ ಉಪನ್ಯಾಸಕ್ಕೆ ಕರೆ ಬಂತು. ಲೇಖನದ ಫೋಟೋ ವಾಟ್ಸಾಪಿನಲ್ಲಿ ಊರಿಂದೂರಿಗೆ ಹೋಯಿತು. ಬೀರಪ್ಪನವರಿಂದ ಫೋನ್ ಬರಲಿಲ್ಲ. ಫೋನಿನಲ್ಲಿ ಅವರಿಗೆ ಮಾತು ಕೇಳಿಸದೆಂದು ಲೇಖನದಲ್ಲಿ ನಾನೇ ಬರೆದಿದ್ದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸುಮಾರು ಒಂದು ತಿಂಗಳ ಬಳಿಕ ಸೊರಬದ ಕಲ್ಯಾಣಮಂಟಪವೊಂದರಲ್ಲಿ ಅದೇ ತಂಡದ ಕಾರ್ಯಕ್ರಮವಿತ್ತು. ಫ್ಲೆಕ್ಸಿನಲ್ಲಿ ಮೊದಲ ಬಾರಿಗೆ ವಾದಕರ ಹೆಸರುಗಳನ್ನೂ ಸಾಲಾಗಿ ಹಾಕಿದ್ದರು. ನನ್ನ ಅಂಕಣ ಗೆದ್ದಿತೆಂದು ನಿಂತು ಓದಿದೆ. ಡ್ರಮ್ಸ್ ಇತ್ತು, ಕೀಬೋರ್ಡ್ ಇತ್ತು, ಲೀಡ್ ಗಿಟಾರ್ ಇತ್ತು. ಬೇಸ್ ಇರಲಿಲ್ಲ. ಒಳಗೆ ವೇದಿಕೆಯ ಮೇಲೆ ಹಲಗೆಯೂ ಇರಲಿಲ್ಲ. ಬೇಸಿನ ಸ್ವರಗಳನ್ನು ಕೀಬೋರ್ಡಿನವರು ಎಡಗೈಯಲ್ಲಿ ನುಡಿಸುತ್ತಿದ್ದರು.

ಪ್ರಕಾಶ್ ನನ್ನನ್ನು ಊಟದ ಹಾಲಿನ ಹಿಂದೆ ಪಾತ್ರೆ ತೊಳೆಯುವ ಕಡೆಗೆ ಕರೆದೊಯ್ದರು. ಅವರ ದನಿಯಲ್ಲಿ ಕೋಪವಿರಲಿಲ್ಲ.

“ನಮಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ರಾ ಮೇಡಂ? ಆರು ವರ್ಷದಿಂದ ಗೊತ್ತು. ಆ ಹಲಗೆ ಮರೀದೆ ವ್ಯಾನಿಗೆ ಹಾಕ್ತಿದ್ದೋನು ನಾನೇ.”

ಹಾಗಾದರೆ ಚಪ್ಪಲಿ ಬಿಡುವ ಭಕ್ತಿಯ ಮಾತೇನು ಎಂದೆ.

“ಅದು ನಾವು ಕಟ್ಟಿದ್ದು. ಯಾರಾದ್ರೂ ಕೇಳಿದ್ರೆ ಹೇಳೋಕೆ ಒಂದು ಬೇಕಲ್ಲ. ಬೀರಣ್ಣಂಗೂ ಗೊತ್ತು ನಮಗೆ ಗೊತ್ತು ಅಂತ. ಎಲ್ರೂ ಗೊತ್ತಿಲ್ದಂಗೆ ಇದ್ವಿ. ನೀವು ಬರೆದ್ಮೇಲೆ ಗೊತ್ತಿಲ್ದಂಗೆ ಇರೋಕೆ ಆಗ್ಲಿಲ್ಲ ನೋಡಿ.”

ನಡೆದದ್ದನ್ನು ಅವರು ಹೇಳಿದರು. ಲೇಖನ ಬಂದ ವಾರದಲ್ಲೇ ಇಬ್ಬರು ಆಯೋಜಕರು, ಕಿವಿ ಕೇಳದವರನ್ನು ಕರೆತರಬೇಡಿ ಎಂದಿದ್ದರಂತೆ. ಆದರೂ ಶಿಕಾರಿಪುರದ ಕಾರ್ಯಕ್ರಮವೊಂದಕ್ಕೆ ಬೀರಪ್ಪನವರನ್ನು ಕರೆದೊಯ್ದಿದ್ದರು. ಅಲ್ಲಿ ಒಂದು ಹಾಡಿನ ನಡುವೆ ಬೇಸಿನ ಒಂದು ಸ್ವರ ತಪ್ಪಿತು. ಯಾವ ವಾದಕನಿಗಾದರೂ ತಪ್ಪುವಂಥದ್ದು. ಹಿಂದೆ ಎಷ್ಟೋ ಸಲ ತಪ್ಪಿದ್ದರೂ ಯಾರೂ ಗಮನಿಸಿರಲಿಲ್ಲ. ಈ ಸಲ ಮುಂದಿನ ಕುರ್ಚಿಯಿಂದ ಒಬ್ಬರು, “ಇನ್ನೊಂದ್ ಸ್ವಲ್ಪ ಜೋರಾಗ್ ಹಾಡ್ರೋ, ಅವಂಗೆ ಕೇಳ್ಸಂಗಿಲ್ಲ” ಎಂದು ಕೂಗಿದರು. ಜನ ನಕ್ಕರು. ಬೀರಪ್ಪನವರಿಗೆ ಮಾತು ಕೇಳಿಸಲಿಲ್ಲ. ಎದುರಿನ ಮುಖಗಳೆಲ್ಲ ನಗುತ್ತಿದ್ದುದನ್ನು ನೋಡಿ, ಕಾರ್ಯಕ್ರಮ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡು ಅವರೂ ನಕ್ಕರು.

“ಅವತ್ತೇ ನಾನು ಸ್ವಲ್ಪ ದಿನ ರೆಸ್ಟ್ ತಗೋ ಅಂದೆ” ಎಂದರು ಪ್ರಕಾಶ್. “ಯಾಕೆ ಅಂತ ಅವ್ನು ಕೇಳ್ಲಿಲ್ಲ. ಹಲಗೆ ಇನ್ನೂ ವ್ಯಾನಲ್ಲೇ ಇದೆ. ಇಳಿಸೋಕೆ ಮನಸ್ಸು ಬಂದಿಲ್ಲ.”

ನಾನು ಅಲ್ಲಿಯೂ ವಾದಿಸಿದೆ. ಒಬ್ಬ ಕುಹಕಿಯ ಮಾತಿಗೆ ಇಡೀ ತಂಡ ಸೋಲುವುದು ತಪ್ಪೆಂದೆ, ಕಲಾವಿದನ ಹಕ್ಕೆಂದೆ, ಎರಡನೆಯ ಲೇಖನ ಬರೆಯುವೆನೆಂದೆ. ಪ್ರಕಾಶ್ ಪ್ರತಿ ಮಾತಿಗೂ “ಸರಿ ಮೇಡಂ, ನೀವ್ ಹೇಳೋದು ಸರಿನೇ” ಎಂದರು. ಲೇಖನದ ಮಾತಿಗೆ ಮಾತ್ರ ಕೈಮುಗಿದರು. ಒಳಗೆ ಅವರ ಹಾಡಿನ ಸರದಿ ಬಂದಿತ್ತು, ಹೋದರು. ವಾದದಲ್ಲಿ ಗೆದ್ದೂ ಏನೂ ಕೈಗೆ ಬಾರದೆ ನಿಲ್ಲುವುದು ನನಗೆ ಅದೇ ಮೊದಲು.

ಮರುದಿನ ಬೆಳಿಗ್ಗೆ ಶಿರಾಳಕೊಪ್ಪಕ್ಕೆ ಹೋದೆ. ಸಂತೆಯ ದಿನವಾದ್ದರಿಂದ ಗಿರಣಿಯಲ್ಲಿ ಜನವಿತ್ತು. ಗೋಡೆಯ ಮೇಲೆ ನನ್ನ ಲೇಖನಕ್ಕೆ ಲ್ಯಾಮಿನೇಷನ್ ಮಾಡಿಸಿ ಹಾಕಿದ್ದರು. ಗಿರಣಿಯ ಮಾಲೀಕರ ಅಭಿಮಾನವಂತೆ. ಜೋಳ ತಂದ ಒಬ್ಬರು ಅದರತ್ತ ನೋಡಿ, ಬೀರಪ್ಪನವರ ಕಿವಿಯ ಹತ್ತಿರ ಬಾಯಿ ಒಯ್ದು, ನುಣ್ಣಗೆ ಬೇಕು ಎಂದು ಕಿರುಚಿ, ಸಾಲದೆಂಬಂತೆ ಬೆರಳಿನಿಂದಲೂ ತೋರಿಸಿದರು. ಮುಖ ಅಷ್ಟು ಹತ್ತಿರ ಬಂದರೆ ತುಟಿ ಕಾಣದು. ಬೀರಪ್ಪನವರು ಒಂದು ಹೆಜ್ಜೆ ಹಿಂದೆ ಸರಿದು ತಲೆಯಾಡಿಸಿದರು.

ಗಿರಣಿಯ ಹಿಂದೆಯೇ ಅವರ ಮನೆ. ಹೆಂಡತಿ ರತ್ನಮ್ಮ ಚಹಾ ಕೊಟ್ಟರು. ಬೇಸ್ ಗಿಟಾರನ್ನು ಕಂಬಳಿಯಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟಿದ್ದರು. ನಾನು ಕ್ಷಮೆ ಕೇಳಲು ಶುರುಮಾಡಿದೆ. ನನ್ನ ಉದ್ದೇಶವೇನಿತ್ತು, ಆದದ್ದೇನು, ಮುಂದೆ ಏನು ಮಾಡಬಹುದು ಎಂದು ಕ್ರಮವಾಗಿ ಹೇಳುತ್ತಾ ಹೋದೆ. ಬೀರಪ್ಪನವರು ಕೈ ಎತ್ತಿ ತಡೆದರು.

“ನೀವೇನ್ ಸುಳ್ಳು ಬರ್ದಿಲ್ಲ ರೀ. ಎಲ್ಲಾ ಖರೇನೇ ಐತಿ.” ಗಿರಣಿಯ ಕಡೆ ಕೈ ತೋರಿಸಿದರು. “ಮೊದ್ಲು ಎಲ್ರೂ ನನ್ ಜೊತೀಗೆ ಮಾತಾಡ್ತಿದ್ರು. ಈಗ ಎಲ್ರೂ ಕೂಗ್ತಾರ. ನೀವೂ ಬಂದಾಗಿಂದ ಕೂಗಾಕ್ ಹತ್ತೀರಿ.”

ನಿಜ. ಹಿಂದೆ ಇದೇ ಮನುಷ್ಯನೊಂದಿಗೆ ಸಹಜವಾಗಿ ಮಾತನಾಡಿದ್ದವಳು ಆ ದಿನ ಕತ್ತಿನ ನರ ಉಬ್ಬುವಂತೆ ಕೂಗುತ್ತಿದ್ದೆ. ನನ್ನ ಲೇಖನವನ್ನು ನಾನೂ ಓದಿದ್ದೆ.

ರತ್ನಮ್ಮ ಲೋಟ ತೆಗೆದುಕೊಳ್ಳಲು ಬಂದವರು ನನ್ನ ಕಡೆ ನೋಡದೆಯೇ, “ಇವ್ರು ಬ್ಯಾಡ ಅಂದಿದ್ರಂತಲ್ಲ ರೀ” ಎಂದರು.

ಬೀರಪ್ಪನವರು ಮತ್ತೆ ವೇದಿಕೆ ಏರಲಿಲ್ಲ. ಎರಡು ವರ್ಷದ ನಂತರ ಪ್ರಕಾಶ್ ತಾವೇ ಹೋಗಿ ಕರೆದರಂತೆ. ನುಡಿಸುವ ರೂಢಿ ಕೈ ಬಿಟ್ಟುಹೋಗಿದೆ ಎಂದು ಇವರು ಹೇಳಿ ಕಳಿಸಿದರಂತೆ. ನಾನು ಅಂಕಣ ಮುಂದುವರಿಸಿದೆ. ಹಿಂದಿನ ಸಾಲಿನವರಿಗೆ ಹೆಸರು ಸಿಗಬೇಕೆಂಬ ನಂಬಿಕೆ ಇಂದಿಗೂ ಇದೆ. ಕೆಲಸದ ರೀತಿ ಮಾತ್ರ ಬದಲಾಯಿತು. ಬರೆದದ್ದನ್ನು ಅಚ್ಚಿಗೆ ಕೊಡುವ ಮುನ್ನ ಅವರೆದುರು ಕೂತು ಓದಿ ಹೇಳುತ್ತೇನೆ. ಯಾರಾದರೂ ಬೇಡವೆಂದರೆ ಕಾರಣ ಕೇಳುವುದಿಲ್ಲ; ಕಾರಣ ಕೇಳಿದರೆ ಅದಕ್ಕೆ ಉತ್ತರ ಕೊಡುವ ಚಪಲ ನನಗಿದೆ. ಒಬ್ಬರ ಬಾಯಿ ಮುಚ್ಚಿಸುವುದು ಬೇರೆ, ಅವರ ಒಪ್ಪಿಗೆ ಪಡೆಯುವುದು ಬೇರೆ ಎಂಬುದನ್ನು ಕಲಿಯಲು ನನಗೆ ಒಬ್ಬ ವಾದಕನ ಇಪ್ಪತ್ತೈದು ವರ್ಷ ಖರ್ಚಾಯಿತು.

ಆ ನೋಟ್‌ಬುಕ್ ನನ್ನ ಬಳಿ ಇದೆ. ಗಿರಣಿಯಲ್ಲಿ ಬರೆದುಕೊಂಡ ಪುಟದ ಮೇಲೆ ಇನ್ನೂ ಹಿಟ್ಟಿನ ಮಸುಕು ಉಳಿದಿದೆ. ಕೊನೆಯಲ್ಲಿ ‘ಒಪ್ಪಿಗೆ ಇದೆ’ ಎಂದು ಅಡಿಗೆರೆ ಎಳೆದು ಬರೆದಿದ್ದೇನೆ. ಅವು ನನ್ನ ಪದಗಳು. ಅವರ ಬಾಯಿಂದ ಬಂದದ್ದು ಅದಕ್ಕಿಂತ ಹತ್ತು ಸಾಲು ಮೇಲಿದೆ, ಅವರು ಹೇಳಿದಂತೆಯೇ ಬರೆದುಕೊಂಡದ್ದು: ಬ್ಯಾಡ ರೀ.